ಪಂದ್ಯ ನೋಡಲು ವಿದೇಶಕ್ಕೆ: ವಿಮಾನ ರದ್ದಾದರೆ ನಷ್ಟ ಯಾರ ಪಾಲಿಗೆ?

ತಾಳವಾಡಿ ಬೆಟ್ಟಸೀಮೆ ಸೇರಿರುವುದು ತಮಿಳುನಾಡಿನ ಈರೋಡ್ ಜಿಲ್ಲೆಗೆ. ಆದರೆ ಅಲ್ಲಿನ ಮನೆಮಾತು ಹೆಚ್ಚಾಗಿ ಕನ್ನಡ, ಪೇಟೆ ಕೆಲಸಕ್ಕೆ ಹತ್ತಿರ ಚಾಮರಾಜನಗರ. ಅಲ್ಲಿಂದ ಒಬ್ಬ ಯುವಕ ದೋಹಾಕ್ಕೋ ರಿಯಾದ್‌ಗೋ ಫುಟ್ಬಾಲ್ ಪಂದ್ಯ ನೋಡಲು ಹೊರಟ ಅಂತ ಇಟ್ಟುಕೊಳ್ಳಿ. ವಿಮಾನದ ಸಮಯಕ್ಕಿಂತ ಮೊದಲು ಅವನು ನೋಡಬೇಕಾದದ್ದು ಕಾಡಿನ ಗೇಟಿನ ಸಮಯ.

ಕೊಯಮತ್ತೂರಿಗೆ ಹೋಗಲು ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ದಿಂಬಂ ಘಾಟಿಯ 27 ತಿರುವು ಇಳಿಯಬೇಕು. 2022ರಲ್ಲಿ ಮದ್ರಾಸ್ ಹೈಕೋರ್ಟ್ ಆದೇಶ ಬಂದ ಮೇಲೆ ಅಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಇದೆ. ಗುಂಡ್ಲುಪೇಟೆ, ಬಂಡೀಪುರ ದಾಟಿ ಕರಿಪುರಕ್ಕೆ ಹೋಗ್ತೀನಿ ಅಂದರೆ ಆ ಹೆದ್ದಾರಿಯೂ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಚಾಮರಾಜನಗರದ ಮೇಲೆ ಬೆಂಗಳೂರಿಗೆ ಹೋಗಬಹುದು, ಆದರೆ ವಿಮಾನ ನಿಲ್ದಾಣ ಇರುವುದು ನಗರದ ಆಚೆ ತುದಿಯ ದೇವನಹಳ್ಳಿಯಲ್ಲಿ. ಗಲ್ಫ್‌ಗೆ ಹೋಗುವ ಎಷ್ಟೋ ವಿಮಾನಗಳು ನಸುಕಿಗೆ ಹೊರಡುತ್ತವೆ. ಹಾಗಾಗಿ ಹಿಂದಿನ ಹಗಲೇ ಮನೆ ಬಿಡಬೇಕು. ಈ ಒಂದು ದಿನವೂ ಖರ್ಚಿನ ಲೆಕ್ಕಕ್ಕೆ ಸೇರುತ್ತದೆ.

ಪಂದ್ಯಕ್ಕೆ ಹೋಗುವವರಿಗೆ ಇನ್ನೊಂದು ತೊಂದರೆ ಇದೆ. ಮದುವೆಯ ತಾರೀಕು ತಿಂಗಳುಗಟ್ಟಲೆ ಮೊದಲೇ ಗೊತ್ತಿರುತ್ತದೆ, ಫೈನಲ್‌ಗೆ ಯಾವ ತಂಡ ಬರುತ್ತದೆ ಅನ್ನೋದು ಗೊತ್ತಿರುವುದಿಲ್ಲ. ಬೆಂಗಳೂರು ಎಫ್‌ಸಿ 2016ರ ಅಕ್ಟೋಬರ್ 19ರಂದು ಕಂಠೀರವ ಕ್ರೀಡಾಂಗಣದಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು 3-1ರಿಂದ ಸೋಲಿಸಿ, ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯಿತು. ಫೈನಲ್ ನಡೆದದ್ದು ನವೆಂಬರ್ 5ರಂದು, ದೋಹಾದಲ್ಲಿ. ಇರಾಕಿನ ಏರ್‌ಫೋರ್ಸ್ ಕ್ಲಬ್ 1-0ಯಿಂದ ಗೆದ್ದಿತು. ಇಲ್ಲಿಂದ ಹೋಗಬೇಕೆಂದಿದ್ದ ಅಭಿಮಾನಿಗೆ ವೀಸಾ, ರಜೆ, ಟಿಕೆಟ್ ಎಲ್ಲಕ್ಕೂ ಸಿಕ್ಕಿದ್ದು ಬರೀ 17 ದಿನ. ಇಂಥ ಅವಸರದಲ್ಲೇ ಜನ ಅಗ್ಗದ ಟಿಕೆಟ್‌ಗಳನ್ನು ತುಂಡು ತುಂಡಾಗಿ ಜೋಡಿಸಿ ಕೈಸುಟ್ಟುಕೊಳ್ಳುವುದು.

ವಿಮಾನ ಸಂಚಾರ ಎಷ್ಟು ಬೇಗ ನಿಂತುಹೋಗುತ್ತದೆ ಅನ್ನೋದನ್ನು 2025 ತೋರಿಸಿಕೊಟ್ಟಿತು. ಮೇ ತಿಂಗಳಲ್ಲಿ ಭಾರತ-ಪಾಕಿಸ್ತಾನ ಸಂಘರ್ಷದ ವೇಳೆ ಉತ್ತರ ಮತ್ತು ಪಶ್ಚಿಮ ಭಾರತದ 32 ವಿಮಾನ ನಿಲ್ದಾಣಗಳು ಕೆಲವು ದಿನ ಮುಚ್ಚಿದವು. ಜೂನ್ 23ರ ಸಂಜೆ ಕತಾರ್ ಕೆಲವು ಗಂಟೆ ತನ್ನ ವಾಯುಪ್ರದೇಶ ಮುಚ್ಚಿತು. ಡಿಸೆಂಬರ್‌ನಲ್ಲಿ ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ತಕ್ಕ ಸಿದ್ಧತೆ ಇಲ್ಲದೆ ಇಂಡಿಗೋ ಸೇವೆ ಕುಸಿಯಿತು. ಆ ತಿಂಗಳ 5ರಂದು ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನ ರದ್ದಾದವು.

ಒಂದೇ ಪಿಎನ್‌ಆರ್ ಏಕೆ?

ಒಂದು ಲೆಕ್ಕ ನೋಡಿ. ಬೆಂಗಳೂರಿನಿಂದ ಮುಂಬೈಗೆ 5,000 ರೂಪಾಯಿಯ ಟಿಕೆಟ್. ಮುಂಬೈಯಿಂದ ದೋಹಾಕ್ಕೆ ಹೋಗಿ ಬರಲು ಬೇರೆ ಕಂಪನಿಯ 25,000 ರೂಪಾಯಿಯ ಟಿಕೆಟ್. ಮೊದಲ ವಿಮಾನ ರದ್ದಾಯಿತು. ಆ ಕಂಪನಿ 5,000 ವಾಪಸ್ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಎರಡನೇ ಕಂಪನಿಯ ಪುಸ್ತಕದಲ್ಲಿ ಪ್ರಯಾಣಿಕ ಬರಲೇ ಇಲ್ಲ, ಅಂದರೆ ‘ನೋ ಶೋ’. ಹೋಗುವ ಸೀಟಿನ ಜೊತೆಗೆ ಬರುವ ಸೀಟೂ ಸಾಮಾನ್ಯವಾಗಿ ರದ್ದಾಗುತ್ತದೆ. ಮ್ಯಾಚ್ ಟಿಕೆಟ್, ಹೋಟೆಲ್ ದುಡ್ಡು ಬೇರೆ.

ಇದೇ ಪ್ರಯಾಣ ಒಂದೇ ಪಿಎನ್‌ಆರ್‌ನಲ್ಲಿ ಇದ್ದಿದ್ದರೆ ಮುಂದಿನ ವಿಮಾನಕ್ಕೆ ಸೇರಿಸಿ ದೋಹಾ ಮುಟ್ಟಿಸುವ ಹೊಣೆ ಕಂಪನಿಯದ್ದೇ. ಎರಡು ಮೂರು ಸಾವಿರ ಹೆಚ್ಚಾದರೂ ನೇರ ವಿಮಾನ ಅಥವಾ ಒಂದೇ ಪಿಎನ್‌ಆರ್ ಲಾಭವೇ. ಬಳಸದ ಟಿಕೆಟ್‌ನ ಸರ್ಕಾರಿ ತೆರಿಗೆ ಮತ್ತು ನಿಲ್ದಾಣ ಶುಲ್ಕ ಮಾತ್ರ ‘ನೋ ಶೋ’ ಆದರೂ ವಾಪಸ್ ಬರಬೇಕು. ಕೇಳದಿದ್ದರೆ ಹೋಯಿತು.

ನಿಯಮ ಏನು ಹೇಳುತ್ತದೆ?

ಭಾರತದಲ್ಲಿ ಇದು ಡಿಜಿಸಿಎ ನಿಯಮ. ವಿಮಾನ ರದ್ದಾದರೆ ಬದಲಿ ವಿಮಾನ ಅಥವಾ ಪೂರ್ತಿ ಹಣ, ಎರಡರಲ್ಲಿ ಒಂದನ್ನು ಪ್ರಯಾಣಿಕ ಕೇಳಬಹುದು. ಕನಿಷ್ಠ 24 ಗಂಟೆ ಮೊದಲು ತಿಳಿಸದೆ ರದ್ದು ಮಾಡಿದರೆ ಹಾರಾಟದ ಅವಧಿಗೆ ತಕ್ಕಂತೆ 5,000, 7,500 ಅಥವಾ 10,000 ರೂಪಾಯಿ ಪರಿಹಾರ. ಮೂಲ ದರ ಮತ್ತು ಇಂಧನ ಶುಲ್ಕ ಸೇರಿ ಅದಕ್ಕಿಂತ ಕಡಿಮೆ ಇದ್ದರೆ ಅಷ್ಟೇ. ಯುದ್ಧ, ಭದ್ರತಾ ಅಪಾಯ, ಪ್ರಕೃತಿ ವಿಕೋಪದಂಥ ಕಾರಣಕ್ಕೆ ರದ್ದಾದರೆ ಈ ಪರಿಹಾರ ಸಿಗುವುದಿಲ್ಲ. ಟಿಕೆಟ್ ಹಣದ ಹಕ್ಕು ಮಾತ್ರ ಆಗಲೂ ಇರುತ್ತದೆ.

ಇದರಲ್ಲಿ ಒಂದು ಸಣ್ಣ ಷರತ್ತಿದೆ, ನಮ್ಮವರು ಹೆಚ್ಚಾಗಿ ಎಡವುವುದು ಅಲ್ಲೇ. ಬುಕ್ ಮಾಡುವಾಗ ಪ್ರಯಾಣಿಕನ ಸರಿಯಾದ ಫೋನ್ ನಂಬರ್, ಇಮೇಲ್ ಕೊಟ್ಟಿರದಿದ್ದರೆ ಪರಿಹಾರ ಕೇಳಲಾಗದು. ಏಜೆಂಟ್ ತನ್ನದೇ ನಂಬರ್ ಹಾಕಿದ್ದರೆ ರದ್ದಾದ ಮೆಸೇಜ್ ಹೋಗುವುದೂ ಅವನಿಗೇ. ಹಣ ಕೊಡುವ ಮೊದಲು ‘ನನ್ನ ನಂಬರ್ ಹಾಕಿ’ ಅಂತ ಹೇಳಿ, ಟಿಕೆಟ್ ಕೈಗೆ ಬಂದಾಗ ನೋಡಿಕೊಳ್ಳಬೇಕು. ಕಂಪನಿ ಸ್ಪಂದಿಸದಿದ್ದರೆ ಸರ್ಕಾರದ ಏರ್‌ಸೇವಾ ಆ್ಯಪ್‌ನಲ್ಲಿ ದೂರು ಕೊಡಬಹುದು. ಅದಕ್ಕೆ ರದ್ದಾದ ಮೆಸೇಜ್, ಬೋರ್ಡಿಂಗ್ ಪಾಸ್, ಖರ್ಚಿನ ಬಿಲ್ ಎಲ್ಲ ಇಟ್ಟುಕೊಂಡಿರಬೇಕು.

ವಿಮೆ ಇದೆಯಲ್ಲ ಅನ್ನಬಹುದು. ಪ್ರಯಾಣ ವಿಮೆಯಲ್ಲಿ ಯುದ್ಧದ ಕಾರಣ ಸಾಮಾನ್ಯವಾಗಿ ಹೊರಗೆ. ತೊಂದರೆ ಶುರುವಾದ ಮೇಲೆ ಕೊಂಡ ಪಾಲಿಸಿ ಆ ತೊಂದರೆಗೆ ಉಪಯೋಗಕ್ಕೆ ಬಾರದು. ಮ್ಯಾಚ್ ಟಿಕೆಟ್‌ನ ನಷ್ಟ ಸೇರಿದೆಯೇ ಎಂದು ಓದಿಯೇ ದುಡ್ಡು ಕಟ್ಟಬೇಕು.

ಮುಂದಿನ ಏಷ್ಯನ್ ಕಪ್ 2027ರ ಜನವರಿ 7ರಿಂದ ಫೆಬ್ರವರಿ 5ರವರೆಗೆ ಸೌದಿ ಅರೇಬಿಯಾದಲ್ಲಿ ಎಂದು ನಿಗದಿಯಾಗಿದೆ. ಭಾರತ ಅರ್ಹತೆ ಪಡೆದಿಲ್ಲ. ಆದರೂ ದಮ್ಮಾಮ್‌ನಲ್ಲೋ ಜಿದ್ದಾದಲ್ಲೋ ಅಣ್ಣ, ಮಾವ ಇರುವ ಯುವಕರಿಗೆ ಆಸೆ ಹುಟ್ಟುವುದು ಸಹಜ. ಜನವರಿಯಲ್ಲಿ ದೆಹಲಿಯ ಮಂಜಿಗೆ ವಿಮಾನಗಳು ಗಂಟೆಗಟ್ಟಲೆ ತಡವಾಗುತ್ತವೆ, ಆದ್ದರಿಂದ ಅಗ್ಗ ಅಂತ ದೆಹಲಿ ಮೇಲೆ ಹೋಗದಿರುವುದು ಒಳ್ಳೆಯದು. ಬೆಂಗಳೂರು, ಕರಿಪುರ ಅಥವಾ ಮಂಗಳೂರಿನಿಂದ ನೇರ ವಿಮಾನ ಇದೆಯೇ ನೋಡಿ, ಪಂದ್ಯಕ್ಕೆ ಒಂದು ಪೂರ್ತಿ ದಿನ ಮೊದಲೇ ಇಳಿಯುವಂತೆ ಟಿಕೆಟ್ ಮಾಡಬೇಕು. ವಾಪಸ್ ಬಂದ ಮರುದಿನವೇ ಅಂಗಡಿ ತೆರೆಯುವ, ಡ್ಯೂಟಿಗೆ ಸೇರುವ ಮಾತು ಯಾರಿಗೂ ಕೊಡಬಾರದು.

ಹೊರಡುವ ಮೊದಲು ಕೊನೆಯದಾಗಿ ಒಂದು ಲೆಕ್ಕ: ಪಂದ್ಯ ತಪ್ಪಿ, ಎರಡು ದಿನ ಪರವೂರಲ್ಲಿ ಉಳಿದು, ಹೊಸ ಟಿಕೆಟ್ ಕೊಂಡು ಮನೆಗೆ ಬರುವಷ್ಟು ಹಣ ಸಾಲ ಮಾಡದೆ ಕೈಯಲ್ಲಿ ಇದೆಯೇ? ಇದ್ದರೆ ಧೈರ್ಯವಾಗಿ ಹೋಗಬಹುದು. ಇಲ್ಲದಿದ್ದರೆ ಈ ಸಲ ಊರಿನ ಗೆಳೆಯರ ಜೊತೆ ಟಿವಿಯಲ್ಲಿ ನೋಡಿ, ಆ ದುಡ್ಡನ್ನು ಮುಂದಿನ ಟೂರ್ನಿಗೆ ಕೂಡಿಡುವುದೇ ಬುದ್ಧಿವಂತಿಕೆ.