ಲಕ್ಷ ಬಲ್ಬಿನ ಲೆಕ್ಕ

ಮೈಸೂರು ಅರಮನೆಯ ಮೈತುಂಬ ಇರುವ ಬಲ್ಬುಗಳು ಹೆಚ್ಚುಕಡಿಮೆ ಒಂದು ಲಕ್ಷ. ಭಾನುವಾರ, ಸರ್ಕಾರಿ ರಜೆ ಮತ್ತು ದಸರೆಯ ಸಂಜೆಗಳಲ್ಲಿ ಅವು ಹೊತ್ತಿಕೊಂಡಾಗ ಕಾಣುವ ಹೊಂಬಣ್ಣಕ್ಕೇ ಆ ದೀಪಾಲಂಕಾರ ಹೆಸರಾದದ್ದು. ಅದು ಟಂಗ್‌ಸ್ಟನ್ ತಂತಿ ಕಾದು ಕೊಡುವ ಬಣ್ಣ. ಮನೆಮನೆಗೂ ಎಲ್‌ಇಡಿ ಬಂದಿರುವ ಕಾಲದಲ್ಲಿ ಇದು ದುಂದಲ್ಲವೇ? ಲೆಕ್ಕ ಹಾಕಿಯೇ ನೋಡೋಣ.

ಒಂದೊಂದೂ 15 ವ್ಯಾಟ್ ಎಂದು ಹಿಡಿದರೆ ಒಟ್ಟು 1,500 ಕಿಲೋವ್ಯಾಟ್. ಗಂಟೆಗೆ 1,500 ಯೂನಿಟ್. ಮನೆಗಳಿಗೆ ಉಚಿತ ಕರೆಂಟು ಕೊಡುವ ಗೃಹಜ್ಯೋತಿ ಯೋಜನೆಯ ಗರಿಷ್ಠ ಮಿತಿ ತಿಂಗಳಿಗೆ 200 ಯೂನಿಟ್. ಅಂದರೆ ಏಳೂವರೆ ಮನೆಗಳ ಇಡೀ ತಿಂಗಳ ಕರೆಂಟು ಇಲ್ಲಿ ಒಂದೇ ಗಂಟೆಯಲ್ಲಿ ಮುಗಿಯುತ್ತದೆ. ಸ್ವಿಚ್ ಒತ್ತಿದ ಮೊದಲ ಕ್ಷಣವಂತೂ ಇನ್ನೂ ಜೋರು. ತಣ್ಣಗಿರುವ ತಂತಿಯ ಪ್ರತಿರೋಧ ತೀರಾ ಕಡಿಮೆಯಾದ್ದರಿಂದ ಕಾಯುವವರೆಗೂ ಅದು ಹತ್ತು ಪಟ್ಟಿಗಿಂತ ಹೆಚ್ಚು ಕರೆಂಟು ಎಳೆಯುತ್ತದೆ. ಲಕ್ಷ ಬಲ್ಬೂ ನಿಜಕ್ಕೂ ಒಂದೇ ಗಳಿಗೆಗೆ ಹೊತ್ತಿದರೆ, ಕಣ್ಣು ಮಿಟುಕಿಸುವಷ್ಟು ಹೊತ್ತು ಬೇಕಾಗುವುದು 15 ಮೆಗಾವ್ಯಾಟ್. ಶಿವನಸಮುದ್ರದ ವಿದ್ಯುದಾಗಾರದ ಪೂರ್ತಿ ಸಾಮರ್ಥ್ಯವೇ 42.

ಇಷ್ಟೆಲ್ಲ ತಿಂದ ಬಲ್ಬು ವಾಪಸು ಕೊಡುವ ಬೆಳಕು ನೂರಕ್ಕೆ ಹೆಚ್ಚೆಂದರೆ ಐದು ಪಾಲು. ಮಿಕ್ಕದ್ದೆಲ್ಲ ಶಾಖ. ಗಂಟೆಯೊಂದರಲ್ಲಿ ಅರಮನೆ ಹೀಗೆ ಗಾಳಿಗೆ ಬಿಡುವ ಶಾಖವನ್ನು ಗ್ಯಾಸ್ ಒಲೆಯಿಂದ ಪಡೆಯಬೇಕೆಂದರೆ ಎಂಟು ಸಿಲಿಂಡರ್ ಖಾಲಿಯಾಗುತ್ತವೆ!

ಇದು ತಯಾರಿಕೆಯ ದೋಷವಲ್ಲ. ಮನೆಯ 60 ವ್ಯಾಟ್ ಬಲ್ಬಿನೊಳಗೆ ತಲೆಗೂದಲಿಗಿಂತ ತೆಳ್ಳಗಿನ ತಂತಿ ಸುಮಾರು 2,500 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದಿರುತ್ತದೆ. ಕಬ್ಬಿಣ 1,538 ಡಿಗ್ರಿಗೇ ನೀರಾಗುತ್ತದೆ ಎಂಬುದನ್ನು ನೆನೆದರೆ ಆ ಗಾಜಿನ ಬುರುಡೆಯ ಮೇಲೆ ಗೌರವ ಬರುತ್ತದೆ. ಆದರೂ ಆ ಕಾವು ಸಾಲದು. ಹೊಳಪಿನ ಬಹುಪಾಲು ಕಣ್ಣಿಗೆ ಕಾಣದ ಅವಗೆಂಪಾಗಿಯೇ ಹೊರಡುತ್ತದೆ. ಅದನ್ನು ಕಾಣುವ ಬಣ್ಣಗಳತ್ತ ತರಬೇಕಾದರೆ ಸೂರ್ಯನ ಮೇಲ್ಮೈಯಂತೆ 5,500 ಡಿಗ್ರಿಯ ಆಸುಪಾಸಿಗೆ ಕಾಯಿಸಬೇಕು. ಟಂಗ್‌ಸ್ಟನ್ 3,422ಕ್ಕೇ ಕರಗಿ ಹೋಗುತ್ತದೆ, ಅದಕ್ಕಿಂತ ಹೆಚ್ಚು ತಾಳುವ ಲೋಹ ಇನ್ನೊಂದಿಲ್ಲ.

ಆಯುಸ್ಸಿನ ಲೆಕ್ಕವೂ ಇಷ್ಟೇ ವಿಚಿತ್ರ. ವೋಲ್ಟೇಜನ್ನು ನೂರಕ್ಕೆ ಐದರಷ್ಟು ಇಳಿಸಿದರೆ ಬೆಳಕು ಆರನೇ ಒಂದು ಪಾಲು ಕುಗ್ಗುತ್ತದೆ, ಬಲ್ಬಿನ ಬಾಳಿಕೆ ಮಾತ್ರ ಸುಮಾರು ಎರಡರಷ್ಟಾಗುತ್ತದೆ. ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ಅಗ್ನಿಶಾಮಕ ಠಾಣೆಯ ಬಲ್ಬು 1901ರಿಂದ ಉರಿಯುತ್ತ, 2015ರಲ್ಲಿ ಹತ್ತು ಲಕ್ಷ ಗಂಟೆ ದಾಟಿತು. ಅದರ ಇಂದಿನ ಬೆಳಕು ಬರೀ 4 ವ್ಯಾಟ್ ಬಲ್ಬಿನಷ್ಟು. ಅಂಗಡಿಯಲ್ಲಿ ಸಿಗುವ ಬಲ್ಬಿಗೆ 1,000 ಗಂಟೆ ಎಂದು ಗೊತ್ತುಮಾಡಿದ್ದು 1924ರಲ್ಲಿ ಜಿನೀವಾದಲ್ಲಿ ಕೂಟ ಕಟ್ಟಿಕೊಂಡ ದೊಡ್ಡ ಕಂಪನಿಗಳು. ಅದಕ್ಕಿಂತ ಹೆಚ್ಚು ಬಾಳುವ ಬಲ್ಬು ಮಾಡಿದ ಸದಸ್ಯರಿಗೆ ದಂಡ ಹಾಕುತ್ತಿದ್ದವು.

ಹೀಗಿರುವಾಗ ಎಲ್‌ಇಡಿ ಗೆದ್ದದ್ದರಲ್ಲಿ ಆಶ್ಚರ್ಯವಿಲ್ಲ. 2014ರಲ್ಲಿ ಸರ್ಕಾರ 310 ರೂಪಾಯಿ ಕೊಟ್ಟು ಕೊಳ್ಳುತ್ತಿದ್ದ ಬಲ್ಬು 2016ಕ್ಕೆ 38 ರೂಪಾಯಿಗೆ ಇಳಿಯಿತು. ಉಜಾಲಾ ಯೋಜನೆಯಲ್ಲಿ 36 ಕೋಟಿಗೂ ಹೆಚ್ಚು ಹಂಚಿಕೆಯಾದವು. 1936ರಲ್ಲಿ ಶುರುವಾದ ಬೆಂಗಳೂರಿನ ಮೈಸೂರು ಲ್ಯಾಂಪ್ಸ್ ಕಾರ್ಖಾನೆ ಅಷ್ಟರಲ್ಲಿ ಬಾಗಿಲು ಹಾಕಿ ವರ್ಷಗಳೇ ಆಗಿದ್ದವು.

ಹಾಗಾದರೆ ಅರಮನೆಯದು ದುಂದೇ? ಇಲ್ಲಿಯವರೆಗೆ ನಾವು ವ್ಯಾಟ್ ಎಣಿಸಿದೆವು, ಗಂಟೆ ಎಣಿಸಲಿಲ್ಲ. ವರ್ಷಕ್ಕೆ ನೂರು ಗಂಟೆ ಉರಿಯಿತೆಂದು ಧಾರಾಳವಾಗಿಯೇ ಹಿಡಿಯೋಣ. ಒಂದು ಬಲ್ಬಿನ ಪಾಲಿಗೆ ಬರುವುದು ವರ್ಷಕ್ಕೆ ಒಂದೂವರೆ ಯೂನಿಟ್. 1,000 ಗಂಟೆಯ ಆಯುಸ್ಸು ಸವೆಯಲು ಹತ್ತು ವರ್ಷ ಬೇಕು. ಮನೆಗೂ ಇದೇ ನ್ಯಾಯ. ದಿನಕ್ಕೆ ಐದು ನಿಮಿಷ ಹಚ್ಚುವ ಅಟ್ಟದ 60 ವ್ಯಾಟ್ ಬಲ್ಬು ವರ್ಷಕ್ಕೆ ಎರಡು ಯೂನಿಟ್ಟನ್ನೂ ತಿನ್ನುವುದಿಲ್ಲ, ಲೆಕ್ಕದ ಪ್ರಕಾರ ಮೂವತ್ತಮೂರು ವರ್ಷ ಬಾಳುತ್ತದೆ. ಹಳದಿ ಬೆಳಕಿನ ಮೋಹವಿದ್ದವರು ಅದನ್ನು ಅಲ್ಲಿ ಧಾರಾಳವಾಗಿ ಇಟ್ಟುಕೊಳ್ಳಲಿ, ನನ್ನ ತಕರಾರಿಲ್ಲ. ಅದೇ ಬಲ್ಬು ನಡುಮನೆಯಲ್ಲಿ ದಿನಕ್ಕೆ ಐದು ಗಂಟೆ ಉರಿದರೆ ವರ್ಷಕ್ಕೆ 110 ಯೂನಿಟ್. ಅಷ್ಟೇ ಬೆಳಕಿನ 9 ವ್ಯಾಟ್ ಎಲ್‌ಇಡಿಗೆ 16 ಸಾಕು.

ನಿಜವಾದ ದುಂದುಗಾರ ಬೇರೆಯೇ ಇದ್ದಾನೆ. ದೇವರಮನೆಯಲ್ಲೋ ಮಲಗುವ ಕೋಣೆಯಲ್ಲೋ ರಾತ್ರಿಯಿಡೀ ಉರಿಯುತ್ತಿದ್ದ ಆ ಪುಟ್ಟ ಝೀರೋ ಬಲ್ಬು. ಅದು ಎಳೆಯುವುದೂ ಸುಮಾರು 15 ವ್ಯಾಟೇ. ರಾತ್ರಿಗೆ ಹತ್ತು ಗಂಟೆಯಂತೆ ವರ್ಷಕ್ಕೆ ಹತ್ತಿರಹತ್ತಿರ 55 ಯೂನಿಟ್, ಅಂದರೆ ಅರಮನೆಯ ಮೂವತ್ತಾರು ಬಲ್ಬುಗಳು ಸೇರಿ ವರ್ಷವಿಡೀ ತಿನ್ನುವಷ್ಟು. ಅರ್ಧ ವ್ಯಾಟಿನ ಎಲ್‌ಇಡಿ ದೀಪ ಅಷ್ಟೂ ರಾತ್ರಿಗಳನ್ನು ಎರಡು ಯೂನಿಟ್ಟಿನೊಳಗೆ ಮುಗಿಸುತ್ತದೆ.