ಅಂತರಿಕ್ಷದಲ್ಲೊಂದು ಅಜ್ಜಿಕಥೆ

ತೆರೆ ಕಂಡು ಅರ್ಧ ಶತಮಾನ ಸಮೀಪಿಸುತ್ತಿದ್ದರೂ ‘ಸ್ಟಾರ್ ವಾರ್ಸ್’ ಚಿತ್ರಮಾಲಿಕೆಯ ಸೆಳೆತ ತಗ್ಗಿಲ್ಲ. ಅಂದು ಚಡ್ಡಿ ತೊಟ್ಟು ನೋಡಿದವರು ಇಂದು ಮೊಮ್ಮಕ್ಕಳ ಜೊತೆ ಕೂತು ನೋಡುತ್ತಿದ್ದಾರೆ. ಏನಿದರ ಗುಟ್ಟು?

ಅಂದು 1977ರ ಮೇ 25, ಬುಧವಾರ. ಲಾಸ್ ಏಂಜಲೀಸ್ ನಗರದ ಹೋಟೆಲೊಂದಕ್ಕೆ ಊಟಕ್ಕೆಂದು ಬಂದ ಯುವ ನಿರ್ದೇಶಕ ಜಾರ್ಜ್ ಲ್ಯೂಕಾಸ್ ಅವರಿಗೆ ಎದುರಿನ ಚಿತ್ರಮಂದಿರದ ಮುಂದೆ ಭಾರಿ ಜನಸಂದಣಿ ಕಂಡಿತು. ಯಾವ ಚಿತ್ರಕ್ಕಪ್ಪಾ ಇಷ್ಟು ನೂಕುನುಗ್ಗಲು ಎಂದು ನೋಡಿದರೆ, ಅದು ಅವರದೇ ಚಿತ್ರ! ಧ್ವನಿ ಮಿಶ್ರಣದ ಕೆಲಸದಲ್ಲಿ ಮುಳುಗಿಹೋಗಿದ್ದ ತಮಗೆ ಬಿಡುಗಡೆಯ ದಿನವೇ ಮರೆತುಹೋಗಿತ್ತು ಎಂದು ಅವರು ಆಮೇಲೆ ಹೇಳಿಕೊಂಡಿದ್ದುಂಟು.

ಆ ದಿನ ‘ಸ್ಟಾರ್ ವಾರ್ಸ್’ ತೆರೆ ಕಂಡದ್ದು ಇಡೀ ಅಮೆರಿಕದಲ್ಲಿ ಬರೀ 32 ಚಿತ್ರಮಂದಿರಗಳಲ್ಲಿ. ಹಂಚಿಕೆಯ ಕಂಪನಿಗೇ ಅದರ ಮೇಲೆ ಹೆಚ್ಚು ಭರವಸೆ ಇರಲಿಲ್ಲ. ಆದರೆ ತಿಂಗಳುಗಳು ಉರುಳುವುದರೊಳಗೆ ಅದು 1975ರ ‘ಜಾಸ್’ ಚಿತ್ರದ ಗಳಿಕೆಯ ದಾಖಲೆಯನ್ನು ಹಿಂದಿಕ್ಕಿತು. ಮುಂದಿನ ವರ್ಷದ ಆಸ್ಕರ್ ಸಮಾರಂಭದಲ್ಲಿ ಸಂಗೀತ, ಸಂಕಲನ, ಧ್ವನಿ ಸೇರಿದಂತೆ ಆರು ಸ್ಪರ್ಧಾ ಪ್ರಶಸ್ತಿಗಳನ್ನು ಬಾಚಿಕೊಂಡಿತು. ಗೆದ್ದ ಚಿತ್ರಗಳು ಬೇಕಾದಷ್ಟಿವೆ. ಗೆದ್ದು ಬಾಳಿದವು ಕಡಿಮೆ. ಈ ಚಿತ್ರ ಬಾಳಿದ್ದು ಹೇಗೆಂಬುದೇ ಕುತೂಹಲದ ವಿಷಯ.

ಅಂಗಡಿ ಬೇಡವೆಂದ ಹುಡುಗ

ಲ್ಯೂಕಾಸ್ ಹುಟ್ಟಿದ್ದು 1944ರಲ್ಲಿ, ಕ್ಯಾಲಿಫೋರ್ನಿಯಾದ ಮೊಡೆಸ್ಟೊ ಎಂಬ ಸಣ್ಣ ಊರಿನಲ್ಲಿ. ತಂದೆಯದು ಕಾಗದ, ಪೆನ್ನು, ಕಚೇರಿ ಸಾಮಗ್ರಿಗಳ ಅಂಗಡಿ. ಮಗ ವ್ಯಾಪಾರ ಮುಂದುವರಿಸಲಿ ಎಂಬುದು ತಂದೆಯ ಆಸೆ. ಮಗನಿಗೋ ಕಾರು ಓಟದ ಹುಚ್ಚು, ಓದಿನಲ್ಲಿ ಅಷ್ಟಕ್ಕಷ್ಟೆ. 1962ರ ಜೂನ್‌ನಲ್ಲಿ, ಹೈಸ್ಕೂಲು ಮುಗಿಯಲು ಕೆಲವೇ ದಿನಗಳಿರುವಾಗ, ಅವನ ಪುಟ್ಟ ಕಾರಿಗೆ ಇನ್ನೊಂದು ಕಾರು ಬಡಿಯಿತು. ಸೀಟು ಬೆಲ್ಟು ಕಿತ್ತುಹೋಗಿ ಹುಡುಗ ಹೊರಗೆ ಎಸೆಯಲ್ಪಟ್ಟ. ಕಾರು ಮರಕ್ಕೆ ಅಪ್ಪಳಿಸಿ ನಜ್ಜುಗುಜ್ಜಾಯಿತು. ಬೆಲ್ಟು ಗಟ್ಟಿಯಾಗಿದ್ದರೆ ಅವನು ಉಳಿಯುತ್ತಿರಲಿಲ್ಲ.

ಆಸ್ಪತ್ರೆಯ ಮಂಚದ ಮೇಲಿನ ದಿನಗಳು ಅವನನ್ನು ಬದಲಿಸಿದವು. ಕಾರು ಓಟದ ಕನಸು ಬಿಟ್ಟು ಕಾಲೇಜು ಸೇರಿದ. ಅಲ್ಲಿಂದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಚಲನಚಿತ್ರ ವಿಭಾಗಕ್ಕೆ ಹೋದ. ಸಿನಿಮಾ ಓದುವುದು ತಂದೆಗೆ ಸುತರಾಂ ಇಷ್ಟವಿರಲಿಲ್ಲ. 1971ರಲ್ಲಿ ಬಂದ ಮೊದಲ ಚಿತ್ರ ಸೋತಿತು. ಎರಡನೆಯದಾದ ‘ಅಮೆರಿಕನ್ ಗ್ರಾಫಿಟಿ’, 1973ರಲ್ಲಿ ಅಪಾರ ಯಶಸ್ಸು ಕಂಡಿತು. ಹುಟ್ಟೂರಿನ ಹದಿಹರೆಯದವರ ಕಾರು, ಹಾಡು, ಅಲೆದಾಟಗಳೇ ಅದರ ವಸ್ತು.

ಹಳೆಯ ಕಥೆ, ಹೊಸ ವೇಷ

ಬಾಲ್ಯದಲ್ಲಿ ಟಿ.ವಿ.ಯಲ್ಲಿ ನೋಡಿದ್ದ ‘ಫ್ಲ್ಯಾಶ್ ಗಾರ್ಡನ್’ ಎಂಬ ಅಂತರಿಕ್ಷ ಸಾಹಸ ಧಾರಾವಾಹಿಯನ್ನು ಚಿತ್ರ ಮಾಡುವ ಆಸೆ ಲ್ಯೂಕಾಸ್‌ಗಿತ್ತು. ಹಕ್ಕು ಸಿಗಲಿಲ್ಲ. ಹಾಗಿದ್ದರೆ ತಮ್ಮದೇ ಕಥೆ ಬರೆಯುವುದೆಂದು ಕುಳಿತರು. ವರ್ಷಗಟ್ಟಲೆ ಬರೆದರು, ಹರಿದರು, ಮತ್ತೆ ಬರೆದರು. ಎರಡು ದೊಡ್ಡ ಸಂಸ್ಥೆಗಳು ಬೇಡವೆಂದ ಮೇಲೆ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಒಪ್ಪಿತು. ಅಲ್ಲಿನ ಅಧಿಕಾರಿ ಅಲನ್ ಲ್ಯಾಡ್ ಜೂನಿಯರ್ ನಂಬಿದ್ದು ಕಥೆಯನ್ನಲ್ಲ, ಈ ಯುವಕನನ್ನು.

ಕಥೆಯಾದರೂ ಏನು? ಮರಳುಗಾಡಿನ ಗ್ರಹವೊಂದರಲ್ಲಿ ಚಿಕ್ಕಪ್ಪ-ಚಿಕ್ಕಮ್ಮನ ಆಸರೆಯಲ್ಲಿ ಬೆಳೆದ ರೈತರ ಮನೆಯ ಹುಡುಗ ಲ್ಯೂಕ್. ಸೆರೆಸಿಕ್ಕ ರಾಜಕುಮಾರಿ ಲೇಯಾಳ ಸಂದೇಶ ಹೊತ್ತು ಬರುವ ಎರಡು ಯಂತ್ರಮಾನವರು. ವಿದ್ಯೆ ಕಲಿಸುವ ಮುದುಕ ಗುರು ಒಬಿ-ವಾನ್. ಸ್ವಾರ್ಥಿಯಂತೆ ಕಂಡರೂ ಸಮಯಕ್ಕೆ ಒದಗುವ ಹಡಗಿನ ನಾಯಕ ಹ್ಯಾನ್ ಸೋಲೋ. ಕಪ್ಪು ಮುಖವಾಡದ ಖಳ ಡಾರ್ತ್ ವೇಡರ್. ರಾಕೆಟ್ಟುಗಳನ್ನು ತೆಗೆದು ಕುದುರೆಗಳನ್ನಿಟ್ಟರೆ ಯಾವ ದೇಶದ ಅಜ್ಜಿಯೂ ಹೇಳಬಹುದಾದ ಕಥೆಯಿದು!

ಇದು ಆಕಸ್ಮಿಕವಲ್ಲ. ಜಗತ್ತಿನ ಪುರಾಣಗಳನ್ನು ಹೋಲಿಸಿ ನೋಡಿದ ವಿದ್ವಾಂಸ ಜೋಸೆಫ್ ಕ್ಯಾಂಪ್‌ಬೆಲ್ 1949ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ, ವೀರನ ಕಥೆಗೆ ಎಲ್ಲ ಕಡೆಯೂ ಒಂದೇ ಹಂದರವಿದೆ ಎಂದು ವಾದಿಸಿದ್ದರು. ಮನೆ ಬಿಟ್ಟು ಹೊರಡುವುದು, ಗುರುವಿನ ಭೇಟಿ, ಕಠಿಣ ಪರೀಕ್ಷೆ, ಬದಲಾಗಿ ಮರಳುವುದು. ಆ ಗ್ರಂಥದಿಂದ ನೆರವು ಪಡೆದದ್ದನ್ನು ಲ್ಯೂಕಾಸ್ ಮುಚ್ಚಿಟ್ಟಿಲ್ಲ. ಜಪಾನಿನ ಅಕಿರಾ ಕುರೊಸಾವಾ ಅವರ 1958ರ ‘ದಿ ಹಿಡನ್ ಫೋರ್ಟ್ರೆಸ್’ ಚಿತ್ರದ ಋಣವೂ ಇದೆ. ಅಲ್ಲಿ ರಾಜಕುಮಾರಿಯ ಕಥೆಯನ್ನು ನಾವು ನೋಡುವುದು ಸದಾ ಕಚ್ಚಾಡುವ ಇಬ್ಬರು ಬಡ ರೈತರ ಕಣ್ಣಿನಿಂದ. ಇಲ್ಲಿ ಆ ಜಾಗಕ್ಕೆ ಬಂದವರು ಯಂತ್ರಮಾನವರು.

ಬಂದ ಕಾಲವೂ ಕೂಡಿಬಂತು. 1974ರಲ್ಲಿ ವಾಟರ್‌ಗೇಟ್ ಹಗರಣದಿಂದ ಅಮೆರಿಕದ ಅಧ್ಯಕ್ಷ ನಿಕ್ಸನ್ ರಾಜೀನಾಮೆ ನೀಡಿದ್ದರು. 1975ರಲ್ಲಿ ವಿಯೆಟ್ನಾಂ ಯುದ್ಧ ಕಹಿಯಾಗಿ ಮುಗಿದಿತ್ತು. ಆ ಕಾಲದ ಅನೇಕ ಒಳ್ಳೆಯ ಚಿತ್ರಗಳು ನಿರಾಶೆಯಲ್ಲೇ ಕೊನೆಯಾಗುತ್ತಿದ್ದವು. ಅಂಥ ಹೊತ್ತಿನಲ್ಲಿ ಒಳ್ಳೆಯತನ ಗೆಲ್ಲುತ್ತದೆ ಎಂದು ಸಂಕೋಚವಿಲ್ಲದೆ ಹೇಳಿದ ಚಿತ್ರವಿದು.

ಗೋದಾಮಿನಲ್ಲಿ ಕಟ್ಟಿದ ಆಕಾಶ

ಲ್ಯೂಕಾಸ್ ಕಲ್ಪಿಸಿದ ದೃಶ್ಯಗಳನ್ನು ತೆಗೆಯಬಲ್ಲ ಸಂಸ್ಥೆ ಆಗ ಹಾಲಿವುಡ್‌ನಲ್ಲಿ ಇರಲಿಲ್ಲ. 1975ರಲ್ಲಿ ಅವರೇ ‘ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್’ ಎಂಬ ಸಂಸ್ಥೆ ಕಟ್ಟಿದರು. ವ್ಯಾನ್ ನೈಸ್ ಎಂಬಲ್ಲಿನ ಒಂದು ಗೋದಾಮೇ ಅದರ ಕಾರ್ಯಾಗಾರ. ಕೆಲಸಗಾರರಲ್ಲಿ ಹೆಚ್ಚಿನವರು ಆಗತಾನೇ ಓದು ಮುಗಿಸಿದ ಹುಡುಗರು.

ಜಾನ್ ಡೈಕ್‌ಸ್ಟ್ರಾ ಅವರ ನೇತೃತ್ವದಲ್ಲಿ ಅವರು ಮಾಡಿದ್ದೇನು? ಆಟಿಕೆಯಂಥ ಹಡಗಿನ ಮಾದರಿಯನ್ನು ನೀಲಿ ಪರದೆಯ ಮುಂದೆ ಕದಲದಂತೆ ನಿಲ್ಲಿಸಿ, ಅದರ ಸುತ್ತ ಕ್ಯಾಮೆರಾವನ್ನು ಚಲಿಸಿದರು. ಕ್ಯಾಮೆರಾ ಹೋದ ದಾರಿಯನ್ನು ವಿದ್ಯುನ್ಮಾನ ಯಂತ್ರ ನೆನಪಿಡುತ್ತಿತ್ತು; ಎಷ್ಟು ಬಾರಿ ಬೇಕಾದರೂ ಕೂದಲೆಳೆ ವ್ಯತ್ಯಾಸವಿಲ್ಲದೆ ಅದೇ ದಾರಿಯಲ್ಲಿ ಓಡಿಸುತ್ತಿತ್ತು. ಹೀಗೆ ಒಂದು ಸಲ ಹಡಗು, ಇನ್ನೊಂದು ಸಲ ಅದರ ದೀಪಗಳು, ಮತ್ತೊಂದು ಸಲ ಹಿನ್ನೆಲೆಯ ನಕ್ಷತ್ರಗಳು ಎಂದು ಬೇರೆ ಬೇರೆಯಾಗಿ ಚಿತ್ರಿಸಿ ಒಂದರ ಮೇಲೊಂದು ಕೂಡಿಸಿದರೆ, ತೆರೆಯ ಮೇಲೆ ಹಡಗು ಶರವೇಗದಲ್ಲಿ ಹಾರುತ್ತದೆ.

ಇನ್ನೊಂದು ಚಮತ್ಕಾರವೆಂದರೆ ಕೊಳೆ! ಅಲ್ಲಿಯವರೆಗಿನ ಬಹುತೇಕ ಅಂತರಿಕ್ಷ ಚಿತ್ರಗಳಲ್ಲಿ ಎಲ್ಲವೂ ಫಳಫಳ ಹೊಳೆಯುತ್ತಿದ್ದವು. ಇಲ್ಲಿನ ಹಡಗುಗಳಿಗೆ ಮಸಿ, ಗೀರು, ತುಕ್ಕು. ಅಂಗಡಿಯಲ್ಲಿ ಸಿಗುವ ಟ್ಯಾಂಕು, ವಿಮಾನಗಳ ಪ್ಲಾಸ್ಟಿಕ್ ಮಾದರಿಗಳ ಬಿಡಿಭಾಗಗಳನ್ನು ಕಿತ್ತು ಹಡಗುಗಳ ಮೈಗೆ ಅಂಟಿಸಿದ್ದರು. ಬಳಸಿ ಹಳತಾದ ವಸ್ತುಗಳಿರುವ ಲೋಕವನ್ನು ಕಣ್ಣು ಬೇಗ ನಂಬುತ್ತದೆ.

ಕೆಲಸ ಸಲೀಸಾಗಿ ಸಾಗಿತೆಂದಲ್ಲ. 1976ರಲ್ಲಿ ಟ್ಯುನೀಷಿಯಾದ ಮರುಭೂಮಿಯಲ್ಲಿ ಚಿತ್ರೀಕರಣಕ್ಕೆ ಹೋದರೆ ಬಿರುಗಾಳಿ, ಮಳೆ. ಯಂತ್ರಮಾನವರು ಮಾತು ಕೇಳಲಿಲ್ಲ. ಇಂಗ್ಲೆಂಡಿನ ಚಿತ್ರೀಕರಣ ಮುಗಿಸಿ ಬಂದಾಗ, ಗೋದಾಮಿನ ತಂಡ ತನ್ನ ಪಾಲಿನ ಅರ್ಧದಷ್ಟು ಹಣ ಖರ್ಚು ಮಾಡಿದ್ದರೂ ಬಳಸಬಹುದಾದ ದೃಶ್ಯಗಳು ಸಿದ್ಧವಾಗಿರಲಿಲ್ಲ. ಎದೆನೋವೆಂದು ಲ್ಯೂಕಾಸ್ ಆಸ್ಪತ್ರೆ ಸೇರಬೇಕಾಯಿತು. ಅಪೂರ್ಣ ಪ್ರತಿ ನೋಡಿದ ಗೆಳೆಯರಲ್ಲಿ ಕೆಲವರು ಗೇಲಿ ಮಾಡಿದರು. ಗೆಲ್ಲುತ್ತದೆ ಎಂದ ಗೆಳೆಯ ಸ್ಟೀವನ್ ಸ್ಪೀಲ್‌ಬರ್ಗ್.

ಮಾತು ಬಾರದಿದ್ದವನ ಕಂಠ

ಕಣ್ಣಿಗೆ ಕಂಡಷ್ಟೇ ಕಿವಿಗೆ ಕೇಳಿಸಿದ್ದೂ ಮುಖ್ಯ. ಧ್ವನಿ ವಿನ್ಯಾಸಕ ಬೆನ್ ಬರ್ಟ್ ಕೃತಕ ಸದ್ದುಗಳ ಬದಲು ಲೋಕದ ಸದ್ದುಗಳನ್ನೇ ಹೆಕ್ಕಿದರು. ಬೆಳಕಿನ ಕತ್ತಿಯ ಝೇಂಕಾರ ಹುಟ್ಟಿದ್ದು ಹಳೆಯ ಪ್ರೊಜೆಕ್ಟರ್‌ನ ಮೋಟಾರು ಮತ್ತು ಟಿ.ವಿ. ಕೊಳವೆಯ ಗುಂಯ್‌ಗುಟ್ಟುವಿಕೆಯಿಂದ. ಶತ್ರು ವಿಮಾನದ ಚೀತ್ಕಾರದಲ್ಲಿ ಆನೆಯ ಘೀಳು ಸೇರಿದೆ. ವೇಡರ್‌ನ ಭಯಂಕರ ಉಸಿರು, ನೀರಿನಡಿ ಈಜುವವರ ಉಸಿರಾಟದ ಉಪಕರಣದ್ದು. ಇದರ ಜೊತೆಗೆ ಜಾನ್ ವಿಲಿಯಮ್ಸ್ ಸಂಯೋಜನೆಯ, ಲಂಡನ್ ಸಿಂಫನಿ ಆರ್ಕೆಸ್ಟ್ರಾ ನುಡಿಸಿದ ಸಂಗೀತ. ಎಲ್ಲರೂ ವಿದ್ಯುನ್ಮಾನ ವಾದ್ಯಗಳನ್ನು ನಿರೀಕ್ಷಿಸುವ ಕಡೆ ಹಳೆಯ ಕಾಲದ ಪಿಟೀಲು, ಕಹಳೆಗಳ ಮೇಳ!

ವೇಡರ್‌ಗೆ ಕಂಠ ಕೊಟ್ಟವರು ಜೇಮ್ಸ್ ಅರ್ಲ್ ಜೋನ್ಸ್. ಬಾಲ್ಯದಲ್ಲಿ ವಿಪರೀತ ತೊದಲುತ್ತಿದ್ದ ಈತ ನಾಚಿಕೆಯಿಂದ ಸುಮಾರು ಎಂಟು ವರ್ಷ ಹೆಚ್ಚುಕಡಿಮೆ ಮೂಕನಂತೆಯೇ ಇದ್ದರು. ಹುಡುಗ ಗುಟ್ಟಾಗಿ ಕವಿತೆ ಬರೆಯುವುದನ್ನು ಪತ್ತೆಹಚ್ಚಿದ ಹೈಸ್ಕೂಲು ಮೇಷ್ಟರು ಅದನ್ನು ತರಗತಿಯೆದುರು ಓದಿಸಿದರು. ಓದುವಾಗ ತೊದಲು ಬರಲಿಲ್ಲ. ಅಲ್ಲಿಂದ ಮಾತು ಮರಳಿತು. 2024ರಲ್ಲಿ 93ನೆಯ ವಯಸ್ಸಿನಲ್ಲಿ ತೀರಿಕೊಂಡ ಅವರ ದನಿಯನ್ನು ಲೋಕವೇ ಗುರುತಿಸುತ್ತಿತ್ತು.

ಖಾಲಿ ಡಬ್ಬಿಯ ವ್ಯಾಪಾರ

ಬರೀ ಕಲೆಯಿಂದ ಇಷ್ಟು ಕಾಲ ಉಳಿಯಿತೆಂದರೆ ಅರ್ಧ ಸತ್ಯವಾದೀತು. ಹೆಚ್ಚಿನ ಸಂಭಾವನೆ ಕೇಳುವ ಬದಲು ಲ್ಯೂಕಾಸ್ ಮುಂದಿನ ಭಾಗಗಳ ಹಾಗೂ ಗೊಂಬೆ, ಅಂಗಿ, ಪುಸ್ತಕಗಳಂಥ ಸರಕುಗಳ ಹಕ್ಕನ್ನು ತಮ್ಮಲ್ಲಿ ಇಟ್ಟುಕೊಂಡರು. ಅವುಗಳಿಗೆ ಬೆಲೆಯಿದೆಯೆಂದು ಆಗ ಯಾರೂ ಎಣಿಸಿರಲಿಲ್ಲ. 1977ರ ಕ್ರಿಸ್‌ಮಸ್ ಹೊತ್ತಿಗೆ ಗೊಂಬೆಗಳಿಗೆ ಎಂಥ ಬೇಡಿಕೆ ಬಂತೆಂದರೆ, ತಯಾರಿಸಿ ಪೂರೈಸಲಾಗದ ಕೆನ್ನರ್ ಕಂಪನಿ ಖಾಲಿ ಪೆಟ್ಟಿಗೆಗಳನ್ನೇ ಮಾರಿತು! ಒಳಗಿದ್ದದ್ದು ಒಂದು ಚೀಟಿ: ಕಳಿಸಿಕೊಟ್ಟರೆ ಮುಂದಿನ ವರ್ಷ ನಾಲ್ಕು ಗೊಂಬೆ ಬರುತ್ತವೆ.

ಗೊಂಬೆಗಳಿಂದ ಕಂಪನಿಗೆ ಹಣ ಬಂತು, ನಿಜ. ಮಕ್ಕಳ ಕೈಗೆ ಕಥೆಯೂ ಬಂತು. ಮನೆಯ ನೆಲದ ಮೇಲೆ ಅವರು ತಮ್ಮದೇ ಮುಂದಿನ ಭಾಗಗಳನ್ನು ಆಡತೊಡಗಿದರು. ಮಕ್ಕಳ ಆಸೆಯನ್ನೇ ಬಂಡವಾಳ ಮಾಡಿಕೊಳ್ಳುವ ಚಾಳಿಗೆ ಈ ಚಿತ್ರ ದಾರಿ ತೋರಿಸಿತೆಂಬ ದೂರೂ ಇದೆ. ಅಂಗಡಿಯಲ್ಲಿ ಮಗುವಿನ ಹಟಕ್ಕೆ ಸೋತ ತಂದೆತಾಯಿ ಅದನ್ನು ತಳ್ಳಿಹಾಕಲಾರರು. ಹೀಗೆ ಗಳಿಸಿದ ಸ್ವಾತಂತ್ರ್ಯದಿಂದ ಬೇರೆ ಬೆಳೆಯೂ ಬಂತು. ಲ್ಯೂಕಾಸ್ ಸಂಸ್ಥೆಯ ಕಂಪ್ಯೂಟರ್ ವಿಭಾಗವೊಂದನ್ನು 1986ರಲ್ಲಿ ಸ್ಟೀವ್ ಜಾಬ್ಸ್ ಕೊಂಡರು. ಅದೇ ಪಿಕ್ಸಾರ್. 1995ರಲ್ಲಿ ಸಂಪೂರ್ಣ ಕಂಪ್ಯೂಟರಿನಲ್ಲೇ ತಯಾರಾದ ಮೊದಲ ಪೂರ್ಣಪ್ರಮಾಣದ ಚಿತ್ರ ‘ಟಾಯ್ ಸ್ಟೋರಿ’ ಅಲ್ಲಿಂದ ಬಂತು. ಲ್ಯೂಕಾಸ್‌ಫಿಲ್ಮ್ ಸಂಸ್ಥೆಯನ್ನು 2012ರಲ್ಲಿ ಡಿಸ್ನಿ ಕೊಂಡದ್ದು ಸುಮಾರು 400 ಕೋಟಿ ಡಾಲರಿಗೆ.

ವಿಜ್ಞಾನದ ಪಾಠವಲ್ಲ

ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಈ ಚಿತ್ರದಲ್ಲಿ ತಪ್ಪು ಹುಡುಕುವುದೇ ಒಂದು ಆಟವಾದೀತು. ನಿರ್ವಾತದಲ್ಲಿ ಶಬ್ದ ಹರಡದು. ಇಲ್ಲಿ ಸ್ಫೋಟಗಳು ಕಿವಿಗಡಚಿಕ್ಕುತ್ತವೆ. ಗಾಳಿಯೇ ಇಲ್ಲದ ಕಡೆ ಹಡಗುಗಳು ವಿಮಾನದಂತೆ ಓರೆಯಾಗಿ ತಿರುಗುತ್ತವೆ. ಕಾರಣ, ಆ ಕಾಳಗಗಳಿಗೆ ಮಾದರಿ ಎರಡನೇ ಮಹಾಯುದ್ಧದ ವಿಮಾನ ಕದನಗಳ ಚಿತ್ರಗಳು. ಪಾರ್ಸೆಕ್ ಎಂಬುದು ದೂರದ ಅಳತೆ, ಸುಮಾರು 3.26 ಜ್ಯೋತಿರ್ವರ್ಷ. ಹ್ಯಾನ್ ಸೋಲೋ ಅದನ್ನು ಸಮಯದ ಅಳತೆಯೆಂಬಂತೆ ಕೊಚ್ಚಿಕೊಳ್ಳುತ್ತಾನೆ.

ಆದರೆ ಒಂದು ಕಡೆ ಕಲ್ಪನೆಯೇ ಮುಂದಿತ್ತು. ಲ್ಯೂಕ್ ತನ್ನ ಗ್ರಹದಲ್ಲಿ ಎರಡು ಸೂರ್ಯರು ಮುಳುಗುವುದನ್ನು ನೋಡುತ್ತ ನಿಲ್ಲುವ ದೃಶ್ಯ ಜಗತ್ಪ್ರಸಿದ್ಧ. 2011ರಲ್ಲಿ ನಾಸಾದ ಕೆಪ್ಲರ್ ದೂರದರ್ಶಕ, ಎರಡು ನಕ್ಷತ್ರಗಳನ್ನು ಸುತ್ತುವ ಕೆಪ್ಲರ್-16ಬಿ ಎಂಬ ಗ್ರಹವನ್ನು ಪತ್ತೆ ಮಾಡಿತು. ಅದು ಸುಮಾರು ಶನಿಗ್ರಹದಷ್ಟು ದೊಡ್ಡದು, ಶೀತಲ. ಅಲ್ಲಿ ರೈತರ ಮನೆಗಳಿರಲು ಸಾಧ್ಯವಿಲ್ಲ. ಎರಡು ಸೂರ್ಯಾಸ್ತ ಮಾತ್ರ ನಿಜ.

ಅಭಿಮಾನದ ಇನ್ನೊಂದು ಮುಖ

ಅಭಿಮಾನ ಅತಿಯಾದರೆ ಮುಳ್ಳಾಗುತ್ತದೆ. ಹದಿನಾರು ವರ್ಷಗಳ ಬಿಡುವಿನ ನಂತರ 1999ರಲ್ಲಿ ಹೊಸ ಭಾಗ ‘ದಿ ಫ್ಯಾಂಟಮ್ ಮೆನೇಸ್’ ಬಂದಾಗ ಹಳೆಯ ಅಭಿಮಾನಿಗಳು ಸಿಟ್ಟಾದರು. ಅವರ ಕೋಪ ಹೆಚ್ಚಾಗಿ ಸಿಡಿದದ್ದು ಜಾರ್ ಜಾರ್ ಎಂಬ ಹಾಸ್ಯ ಪಾತ್ರ ಮಾಡಿದ ನಟ ಅಹ್ಮದ್ ಬೆಸ್ಟ್ ಮೇಲೆ. ಆಗ ಅವರಿಗೆ ಇಪ್ಪತ್ತರ ಹರೆಯ. ಆ ನಿಂದನೆಯಿಂದ ಬದುಕೇ ಬೇಡವೆನಿಸಿತ್ತು ಎಂದು ಅವರು 2018ರಲ್ಲಿ ಬಹಿರಂಗವಾಗಿ ಹೇಳಿದರು. 1999ರಲ್ಲಿ ಆ ಚಿತ್ರ ನೋಡಿ ನಕ್ಕಿದ್ದ ಮಕ್ಕಳು ಅಷ್ಟರಲ್ಲಿ ದೊಡ್ಡವರಾಗಿದ್ದರು. ಅವರ ಪಾಲಿಗೆ ಅದೇ ತಮ್ಮ ಬಾಲ್ಯದ ಸ್ಟಾರ್ ವಾರ್ಸ್. 2023ರಲ್ಲಿ ‘ದಿ ಮ್ಯಾಂಡಲೋರಿಯನ್’ ಧಾರಾವಾಹಿಯಲ್ಲಿ ಬೆಸ್ಟ್ ಒಬ್ಬ ವೀರಯೋಧನಾಗಿ, ಮಗುವೊಂದನ್ನು ಕಾಪಾಡುವ ಪಾತ್ರದಲ್ಲಿ ಮರಳಿದಾಗ ಆದರದ ಸ್ವಾಗತ ಸಿಕ್ಕಿತು. ಬೈಗುಳ ಬರೆಯುವ ಮುನ್ನ ಅದನ್ನು ಓದುವವನೂ ಮನುಷ್ಯನೆಂದು ನೆನೆಯಲು ಹದಿಹರೆಯದವರಿಗೆ ಈ ಒಂದು ಪ್ರಸಂಗ ಸಾಕು.

ಕಥೆ ಹೊಸ ನುಡಿಗಳಿಗೂ ದಾಟಿದೆ. 2013ರಲ್ಲಿ ಅಮೆರಿಕದ ಮೂಲನಿವಾಸಿಗಳ ನವಾಹೊ ಭಾಷೆಗೆ 1977ರ ಚಿತ್ರವನ್ನು ಡಬ್ ಮಾಡಲಾಯಿತು. ಮಕ್ಕಳ ಬಾಯಲ್ಲಿ ತಮ್ಮ ಭಾಷೆ ಉಳಿಯಲಿ ಎಂಬುದು ಹಿರಿಯರ ಉದ್ದೇಶ. ಎಲ್ಲರಿಗೂ ಗೊತ್ತಿರುವ ಕಥೆಯಾದ್ದರಿಂದ, ಮರೆತ ಪದಗಳನ್ನೂ ಊಹಿಸಿ ಕಲಿಯಬಹುದಲ್ಲವೇ?

ಮೊದಲು ಯಾವುದು?

1977ರಿಂದ 2019ರವರೆಗೆ ಮುಖ್ಯ ಸರಣಿಯಲ್ಲಿ ಒಂಬತ್ತು ಚಿತ್ರಗಳು ಬಂದಿವೆ. ಕಥೆಯ ಕಾಲಕ್ರಮದಲ್ಲಿ 1999ರದು ಮೊದಲನೆಯದು. ಆದರೂ ಹೊಸಬರು 1977ರ ಚಿತ್ರದಿಂದಲೇ ಆರಂಭಿಸುವುದು ಲೇಸು. ಏಕೆಂದರೆ 1980ರ ಎರಡನೆಯ ಭಾಗ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ನಲ್ಲಿ ವೇಡರ್ ಲ್ಯೂಕ್‌ಗೆ ಒಂದು ಗುಟ್ಟು ಹೇಳುತ್ತಾನೆ. ಅದು ಹೊರಬೀಳದಿರಲೆಂದು ಚಿತ್ರೀಕರಣದ ವೇಳೆ ಮುಖವಾಡದೊಳಗಿನ ನಟನಿಂದ ಬೇರೆಯೇ ಮಾತು ಆಡಿಸಿದ್ದರು. ನಿಜ ಏನೆಂದು ಲ್ಯೂಕ್ ಪಾತ್ರಧಾರಿ ಮಾರ್ಕ್ ಹ್ಯಾಮಿಲ್‌ಗೆ ತಿಳಿಸಿದ್ದು ದೃಶ್ಯ ತೆಗೆಯುವ ತುಸು ಮುಂಚೆ.

ಆ ಗುಟ್ಟು ಬಲ್ಲ ತಂದೆತಾಯಂದಿರು ಅದನ್ನು ಮಕ್ಕಳಿಗೆ ಮೊದಲೇ ಹೇಳದಿರುವುದು ಒಳಿತು. ಆ ದೃಶ್ಯ ಬಂದಾಗ ತೆರೆ ನೋಡುವ ಬದಲು ಪಕ್ಕದಲ್ಲಿ ಕೂತ ಮಗುವಿನ ಮುಖ ನೋಡಿದರೆ, ಈ ಚಿತ್ರ ಇಷ್ಟು ವರ್ಷ ಏಕೆ ಉಳಿದಿದೆ ಎಂಬುದಕ್ಕೆ ಒಂದು ಉತ್ತರ ಅಲ್ಲೇ ಸಿಗುತ್ತದೆ.