ಕೆಲಸ ಕೈಯಲ್ಲಿರಲಿ, ಆಮೇಲೆ ಗಂಟುಮೂಟೆ: ಹೈದರಾಬಾದಿಗೆ ಹೊರಡುವ ಮಕ್ಕಳಿಗೂ ಮನೆಯವರಿಗೂ



ರಾಯಚೂರು, ದೇವದುರ್ಗ, ಮಾನ್ವಿಯ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಐಟಿಐ, ಡಿಪ್ಲೊಮಾ, ನರ್ಸಿಂಗ್ ಅಥವಾ ಬಿ.ಕಾಂ. ಮುಗಿಸಿದ ಕೂಡಲೇ ಹೈದರಾಬಾದಿನ ಕಡೆ ನೋಡುತ್ತಾರೆ. ಬೆಂಗಳೂರಿಗಿಂತ ಅದು ನಮಗೆ ಹತ್ತಿರ. 1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಉರ್ದು, ಕನ್ನಡದ ಜೊತೆಗೆ ತೆಲುಗನ್ನೂ ಬಲ್ಲ ಮಕ್ಕಳು ನಮ್ಮಲ್ಲಿ ಬಹಳ. ಆದರೆ ಊರು ಹತ್ತಿರವಾದರೂ ರಾಜ್ಯ ಬೇರೆ, ನಿಯಮ ಬೇರೆ.

"ಮೊದಲು ಹೋಗೋಣ, ಕೆಲಸ ಅಲ್ಲೇ ಹುಡುಕಿದರಾಯಿತು" ಎಂಬ ಮಾತಿನಲ್ಲೇ ತೊಂದರೆ ಇದೆ. ಬಾಡಿಗೆ, ಮುಂಗಡ, ಊಟ, ಆಟೋ ಎಂದು ಸಾಲದ ಹಣ ಕರಗುತ್ತದೆ. ಆಗ ಸಿಕ್ಕಿದ ಕೆಲಸಕ್ಕೆ ಒಪ್ಪಿಕೊಳ್ಳಬೇಕಾಗುತ್ತದೆ. ನರ್ಸಿಂಗ್ ಓದಿದವರು ಬಟ್ಟೆ ಅಂಗಡಿಯಲ್ಲಿ ನಿಂತರೆ ಅವರ ಓದೂ ದಾನಿಗಳು ಕೊಟ್ಟ ವಿದ್ಯಾರ್ಥಿವೇತನವೂ ಅರ್ಧದಾರಿಯಲ್ಲೇ ನಿಂತಂತೆ. ಆದ್ದರಿಂದ ಈ ವರ್ಷದ ವರದಿಯಲ್ಲಿ ಈ ವಿಷಯವನ್ನು ವಿವರವಾಗಿ ಬರೆಯುತ್ತಿದ್ದೇವೆ.

ಎಲ್ಲಿ ಯಾವ ಕೆಲಸ

ತೆಲಂಗಾಣದ ಸರ್ಕಾರಿ ನೇಮಕಾತಿಯಲ್ಲಿ 2018ರ ರಾಷ್ಟ್ರಪತಿ ಆದೇಶದಂತೆ ಶೇ. 95ರಷ್ಟು ಹುದ್ದೆಗಳು ಅಲ್ಲಿನ ಸ್ಥಳೀಯರಿಗೆ ಮೀಸಲು. ನಮ್ಮ ರಾಜ್ಯದ 2ಬಿ ಪ್ರಮಾಣ ಪತ್ರದಿಂದ ಅಲ್ಲಿ ಮೀಸಲಾತಿ ಸಿಗುವುದಿಲ್ಲ. ಹಾಗಾಗಿ ಹೈದರಾಬಾದಿನಲ್ಲಿ ಹುಡುಕಬೇಕಾದದ್ದು ಖಾಸಗಿ ಆಸ್ಪತ್ರೆ, ಕಾರ್ಖಾನೆ, ಲೆಕ್ಕಪತ್ರ ಕಚೇರಿ, ಕಂಪನಿಗಳಲ್ಲಿ. ಸರ್ಕಾರಿ ಕೆಲಸದ ಆಸೆ ಇರುವವರಿಗೆ ಸಂವಿಧಾನದ 371(ಜೆ) ವಿಧಿಯ ಸೌಲಭ್ಯ ಇರುವುದು ಇಲ್ಲಿ, ಕಲ್ಯಾಣ ಕರ್ನಾಟಕದಲ್ಲಿ. ಊರು ಬಿಡುವ ಮೊದಲೇ 371(ಜೆ) ಪ್ರಮಾಣ ಪತ್ರ ಮಾಡಿಸಿಟ್ಟುಕೊಳ್ಳಿ. ಅಲ್ಲಿ ದುಡಿಯುತ್ತಲೇ ಇಲ್ಲಿನ ಪರೀಕ್ಷೆಗಳನ್ನು ಬರೆಯಬಹುದು.

ನರ್ಸಿಂಗ್, ಫಾರ್ಮಸಿ ಓದಿದವರು

ಇವರ ನೋಂದಣಿ ರಾಜ್ಯವಾರು ನಡೆಯುತ್ತದೆ. ಕರ್ನಾಟಕದ ಕೌನ್ಸಿಲ್‌ನಲ್ಲಿ ಹೆಸರಿದ್ದರೂ ತೆಲಂಗಾಣದಲ್ಲಿ ಕೆಲಸ ಮಾಡಲು ಅಲ್ಲಿನ ಕೌನ್ಸಿಲ್‌ನಲ್ಲಿ ನೋಂದಾಯಿಸಬೇಕು. ಇದಕ್ಕೆ ಇಲ್ಲಿಂದ ಕಾಗದಪತ್ರ ಹೋಗಬೇಕು, ಸಮಯ ಹಿಡಿಯುತ್ತದೆ. ಕೊನೆಯ ಪರೀಕ್ಷೆಯ ಫಲಿತಾಂಶ ಬಂದ ಕೂಡಲೇ ಈ ಕೆಲಸ ಶುರುಮಾಡಿ.

ಊರಲ್ಲಿದ್ದೇ ಹುಡುಕುವುದು

ಕೇಂದ್ರ ಸರ್ಕಾರದ ನ್ಯಾಷನಲ್ ಕೆರಿಯರ್ ಸರ್ವಿಸ್ ಪೋರ್ಟಲ್‌ನಲ್ಲಿ ಉಚಿತವಾಗಿ ಹೆಸರು ನೋಂದಾಯಿಸಬಹುದು. ಐಟಿಐ ಆದವರಿಗೆ ಅಪ್ರೆಂಟಿಸ್‌ಶಿಪ್ ಪೋರ್ಟಲ್ ಇದೆ. ಅಲ್ಲಿ ಸಿಗುವುದು ಸಂಬಳವಲ್ಲ, ತರಬೇತಿ ಭತ್ಯೆ ಎಂಬುದು ತಿಳಿದಿರಲಿ. ಮೊದಲ ಸುತ್ತಿನ ಸಂದರ್ಶನವನ್ನು ಫೋನ್ ಅಥವಾ ವಿಡಿಯೋ ಮೂಲಕ ನಡೆಸಲು ಕೇಳಿಕೊಳ್ಳಿ. ನೇರ ಸಂದರ್ಶನಕ್ಕೆ ಕರೆದರೆ ಹೋಗಿ ಬನ್ನಿ, ಅಲ್ಲೇ ಉಳಿಯಬೇಡಿ. 2023ರ ಅಕ್ಟೋಬರ್‌ನಲ್ಲಿ ಕೃಷ್ಣಾ ಮಾರ್ಗವಾಗಿ ರಾಯಚೂರು-ಕಾಚಿಗುಡ ರೈಲು ಆರಂಭವಾಯಿತು. ದೇವದುರ್ಗ, ಮಾನ್ವಿಯವರು ಬಸ್ಸಿನಲ್ಲಿ ರಾಯಚೂರಿಗೆ ಬಂದು ರೈಲು ಹಿಡಿಯಬಹುದು.

ಸಂಬಳದ ಲೆಕ್ಕ

ಬಾಯಿಮಾತಿನ ಸಂಬಳ ನಂಬಬೇಡಿ. ನೇಮಕಾತಿ ಪತ್ರ ಕೇಳಿ. ಪತ್ರದಲ್ಲಿ 'ಸಿಟಿಸಿ' ಎಂದಿದ್ದರೆ ಅದರಲ್ಲಿ ಮಾಲೀಕರು ಕಟ್ಟುವ ಪಿಎಫ್ ಪಾಲೂ ಸೇರಿರುತ್ತದೆ, ಅದು ಕೈಗೆ ಬರುವ ಹಣವಲ್ಲ. ಒಂದು ಉದಾಹರಣೆ ನೋಡೋಣ. ತಿಂಗಳ ಒಟ್ಟು ಸಂಬಳ 18,000 ರೂ., ಅದರಲ್ಲಿ ಪಿಎಫ್ ಲೆಕ್ಕಕ್ಕೆ ಬರುವ ಮೊತ್ತ 15,000 ರೂ. ಎಂದುಕೊಳ್ಳಿ. ಶೇ. 12ರಂತೆ ಪಿಎಫ್ 1,800, ಶೇ. 0.75ರಂತೆ ಇಎಸ್‌ಐ 135, ವೃತ್ತಿ ತೆರಿಗೆ 150 ಕಳೆದರೆ ಕೈಗೆ ಬರುವುದು 15,915 ರೂ. ಇದರಲ್ಲಿ ಹಾಸ್ಟೆಲ್ ಬಾಡಿಗೆ, ಊಟ, ಓಡಾಟ ಕಳೆದು ಮನೆಗೆ ಎಷ್ಟು ಕಳಿಸಬಹುದು ಎಂದು ಹೊರಡುವ ಮೊದಲೇ ಮನೆಯವರೆಲ್ಲ ಕೂತು ಲೆಕ್ಕ ಹಾಕಿ. ಉಳಿಯುವುದು ರಾಯಚೂರಿನಲ್ಲೇ ಸಿಗುವ ಸಂಬಳದಷ್ಟಾದರೆ ಹೋಗುವ ಬಗ್ಗೆ ಇನ್ನೊಮ್ಮೆ ಯೋಚಿಸಿ.

ಪಿಎಫ್ ಕಡಿತ ವ್ಯರ್ಥವಲ್ಲ. ಯುಎಎನ್ ಎಂಬ 12 ಅಂಕಿಯ ಸಂಖ್ಯೆ ಕೆಲಸ ಬದಲಾದರೂ, ರಾಜ್ಯ ಬದಲಾದರೂ ಒಂದೇ ಇರುತ್ತದೆ. ಇಎಸ್‌ಐ ಇದ್ದರೆ ಚಿಕಿತ್ಸೆಯ ಆಸರೆ ಸಿಗುತ್ತದೆ.

ಹಣ ಕೇಳಿದರೆ

ಕೆಲಸ ಕೊಡಿಸಲು ನೋಂದಣಿ ಶುಲ್ಕ, ಠೇವಣಿ, ಸಮವಸ್ತ್ರದ ಹಣ ಎಂದು ಮುಂಚಿತವಾಗಿ ಕೇಳಿದರೆ ಕೊಡಬೇಡಿ. ಮೂಲ ಅಂಕಪಟ್ಟಿಯನ್ನು ಯಾರ ವಶಕ್ಕೂ ಬಿಡಬೇಡಿ; ತೋರಿಸಿ ವಾಪಸ್ ಪಡೆಯಿರಿ. ಕಂಪನಿ ಕಾಯ್ದೆಯಡಿ ನೋಂದಾಯಿತ ಕಂಪನಿಯ ಹೆಸರು, ವಿಳಾಸವನ್ನು ಕೇಂದ್ರ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಪರಿಶೀಲಿಸಬಹುದು. ಆನ್‌ಲೈನ್‌ನಲ್ಲಿ ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಹೊರಡುವ ಮುನ್ನ

ಹೆಣ್ಣುಮಕ್ಕಳ ವಿಷಯದಲ್ಲಿ ಮನೆಯವರ ಚಿಂತೆ ನಮಗೆ ಅರ್ಥವಾಗುತ್ತದೆ. ಚಿಂತೆಗೆ ಉತ್ತರ ಕೆಲಸ ಬೇಡವೆನ್ನುವುದಲ್ಲ, ಮೊದಲೇ ವಿಚಾರಿಸುವುದು. ವಸತಿ ಎಲ್ಲಿ, ರಾತ್ರಿ ಪಾಳಿ ಇದೆಯೇ, ಪಾಳಿ ಮುಗಿದ ಮೇಲೆ ವಾಹನವಿದೆಯೇ ಎಂದು ಕೇಳಿ, ತಂದೆಯೋ ತಾಯಿಯೋ ಒಮ್ಮೆ ಹೋಗಿ ನೋಡಿ ಬರಲಿ. ಮಗ ಅಥವಾ ಮಗಳು ಹೋದರೆಂದು ಇಲ್ಲಿನ ಮನೆ ಖಾಲಿ ಮಾಡಬೇಡಿ, ರೇಷನ್ ಕಾರ್ಡ್ ರದ್ದು ಮಾಡಿಸಬೇಡಿ. ಕನಿಷ್ಠ ಮೂರು ತಿಂಗಳ ಸಂಬಳ ಸರಿಯಾಗಿ ಬಂದ ಮೇಲೆ ಕುಟುಂಬದ ಸ್ಥಳಾಂತರದ ಮಾತು.

ವಿದ್ಯಾರ್ಥಿವೇತನ ಪಡೆಯುವವರ ಗಮನಕ್ಕೆ

ಅಂತಿಮ ವರ್ಷದ ವಿದ್ಯಾರ್ಥಿಗಳು ನವೀಕರಣ ಅರ್ಜಿಯ ಜೊತೆ ತಮ್ಮ ಬಯೋಡೇಟಾದ ಒಂದು ಪ್ರತಿಯನ್ನು ಕೊಡಬೇಕಾಗಿ ವಿನಂತಿ. ಹೊರರಾಜ್ಯದಿಂದ ನೇಮಕಾತಿ ಪತ್ರ ಬಂದರೆ ಸಹಿ ಹಾಕುವ ಮೊದಲು ನಮ್ಮ ಕಚೇರಿಗೆ ತನ್ನಿ, ಕೂಡಿ ಓದೋಣ. ದಾನಿಗಳಲ್ಲಿ ಹೈದರಾಬಾದಿನಲ್ಲಿ ಪರಿಚಯವಿರುವವರು ಒಂದು ಆಸ್ಪತ್ರೆಯ, ಒಂದು ಕಾರ್ಖಾನೆಯ ಖಾಲಿ ಹುದ್ದೆಯ ಸುದ್ದಿ ತಿಳಿಸಿದರೂ ಅದು ದೇಣಿಗೆಯಷ್ಟೇ ದೊಡ್ಡ ಸಹಾಯ.